ಬೀಗ ಹಾಕಿದ ಬೆಟ್ಟ, ಬಾಗಿಲ ಹೊರಗಿನ ಊರು

(ಸಂಘದ ಉಪನ್ಯಾಸ ಮಾಲಿಕೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಮೂವತ್ತು ವರ್ಷಗಳ ಕಾಲ ಸರ್ಕಾರಿ ಕಡತಗಳ ನಡುವೆಯೇ ಬಾಳಿದವನೊಬ್ಬನನ್ನು ಕರೆದು, ಬೆಟ್ಟ, ಕಾಡು, ವನ್ಯಜೀವಿಗಳ ವಿಚಾರವಾಗಿ ನಾಲ್ಕು ಮಾತನಾಡಬೇಕೆಂದು ಸಂಘದವರು ಕೇಳಿದಾಗ ನಾನು ಮೊದಲು ಹಿಂಜರಿದೆ. ನಾನು ಅರಣ್ಯಾಧಿಕಾರಿಯಲ್ಲ, ಪ್ರಾಣಿಶಾಸ್ತ್ರಜ್ಞನೂ ಅಲ್ಲ. ಮಲೆನಾಡಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು, ಕೇಂದ್ರ ಸರ್ಕಾರದ ನೌಕರಿಗೆಂದು ಈ ಊರಿಗೆ ಬಂದವನು. ರಜೆ ಸಿಕ್ಕಾಗಲೆಲ್ಲ ಬೆನ್ನಿಗೊಂದು ಚೀಲ ಏರಿಸಿಕೊಂಡು ಗಢವಾಲದ ಬೆಟ್ಟಗಳಿಗೆ ಹೋಗಿಬರುವುದು ನನ್ನ ಹವ್ಯಾಸ. ಅಷ್ಟೇ ನನ್ನ ಅರ್ಹತೆ.

ಆದರೂ ಒಪ್ಪಿಕೊಂಡೆ. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ನಿಮಗೆಲ್ಲ ನೆನಪಿರುವಂಥದು. 2024ರ ಜೂನ್ ಮೊದಲ ವಾರದಲ್ಲಿ ಉತ್ತರಕಾಶಿ ಜಿಲ್ಲೆಯ ಸಹಸ್ರತಾಲದ ದಾರಿಯಲ್ಲಿ ಹಿಮಗಾಳಿಗೆ ಸಿಲುಕಿ ಕರ್ನಾಟಕದಿಂದ ಬಂದಿದ್ದ ಚಾರಣ ತಂಡದ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ದೂರವಾಣಿ ಬಿಡುವಿಲ್ಲದೆ ಬಾರಿಸುತ್ತಿತ್ತು. ಹಿಮಾಲಯದ ವಿಹಾರವೆಂಬುದು ಇಂದು ಕನ್ನಡಿಗರಿಗೆ ದೂರದ ಸಂಗತಿಯಾಗಿ ಉಳಿದಿಲ್ಲ. ನಮ್ಮ ಮಕ್ಕಳೇ ಅಲ್ಲಿಗೆ ಹೋಗುತ್ತಿದ್ದಾರೆ. ಎರಡನೆಯ ಕಾರಣ ನನ್ನ ಸ್ವಂತದ್ದು. ಅದನ್ನು ಭಾಷಣದ ನಡುವೆ ಹೇಳುತ್ತೇನೆ. ಅದನ್ನು ಹೇಳಿಕೊಳ್ಳಬೇಕೆಂದೇ ನಾನು ಇಲ್ಲಿಗೆ ಬಂದೆನೆಂದರೂ ತಪ್ಪಲ್ಲ.

ನಾನಿಂದು ಒಂದೇ ಒಂದು ಪರ್ವತವನ್ನು ಆರಿಸಿಕೊಂಡಿದ್ದೇನೆ. ಅದು ಚಮೋಲಿ ಜಿಲ್ಲೆಯ ನಂದಾದೇವಿ. ಎತ್ತರ 7,816 ಮೀಟರ್. ಪೂರ್ತಿಯಾಗಿ ಭಾರತದೊಳಗೇ ಇರುವ ಶಿಖರಗಳಲ್ಲಿ ಇದೇ ಅತ್ಯುನ್ನತವಾದುದು. ಇದರ ಸುತ್ತ ಹಿಮಶಿಖರಗಳ ಕೋಟೆಯೊಂದಿದೆ. ಆ ಕೋಟೆಯಲ್ಲಿರುವ ಏಕೈಕ ಬಿರುಕೆಂದರೆ ಪಶ್ಚಿಮ ದಿಕ್ಕಿಗೆ ಹರಿಯುವ ಋಷಿಗಂಗೆಯ ಕಡಿದಾದ ಕಮರಿ. ಅದನ್ನು ಹಾದು ಒಳಗಿನ ಹುಲ್ಲುಗಾವಲನ್ನು ಮೊದಲಿಗೆ ಮುಟ್ಟಿದ ಪರ್ವತಾರೋಹಿಗಳು ಎರಿಕ್ ಶಿಪ್ಟನ್, ಟಿಲ್ಮನ್ ಮತ್ತು ಅವರ ಜೊತೆಗಿದ್ದ ಮೂವರು ಶೆರ್ಪಾಗಳು. ಅದು 1934ನೆಯ ಇಸವಿ. 1936ರ ಆಗಸ್ಟ್ 29ರಂದು ಟಿಲ್ಮನ್ ಮತ್ತು ಓಡೆಲ್ ಶಿಖರವನ್ನೇರಿದರು. 1950ರಲ್ಲಿ ಅನ್ನಪೂರ್ಣಾ ಶಿಖರವನ್ನು ಏರುವವರೆಗೆ, ಮನುಷ್ಯ ಹತ್ತಿದ ಶಿಖರಗಳಲ್ಲೆಲ್ಲ ಎತ್ತರದ್ದು ಇದೇ ಆಗಿತ್ತು.

ಕೆಳಗಿನ ಊರುಗಳವರಿಗೆ ಮಾತ್ರ ನಂದಾ ಶಿಖರವಲ್ಲ, ಮನೆಮಗಳು. ಅವಳನ್ನು ತವರಿನಿಂದ ಗಂಡನ ಮನೆಯಾದ ಕೈಲಾಸಕ್ಕೆ ಕಳುಹಿಸಿಕೊಡುವ 'ನಂದಾದೇವಿ ರಾಜಜಾತ್' ಎಂಬ ಮಹಾಯಾತ್ರೆ ಹನ್ನೆರಡು ವರ್ಷಗಳಿಗೊಮ್ಮೆ ನಡೆಯಬೇಕೆಂಬುದು ಸಂಪ್ರದಾಯ. 2000ದಲ್ಲಿ ನಡೆದಿತ್ತು, ಮತ್ತೆ 2014ರಲ್ಲಿ ನಡೆಯಿತು. ನಾಲ್ಕು ಕೊಂಬಿನ ಟಗರೊಂದು ಯಾತ್ರೆಯ ಮುಂದೆ ನಡೆಯುತ್ತದೆ. ಹೆಂಗಸರು ಹಾಡುತ್ತ, ಅಳುತ್ತ ಮಗಳನ್ನು ಬೀಳ್ಕೊಡುತ್ತಾರೆ. ಭಾದ್ರಪದದಲ್ಲಿ ಗೌರಿಯನ್ನು ತವರಿಗೆ ಕರೆದು, ಮಡಿಲು ತುಂಬಿ ಕಳುಹಿಸುವ ನಮಗೆ ಈ ಭಾವವನ್ನು ಯಾರೂ ವಿವರಿಸಬೇಕಾಗಿಲ್ಲ.

ಇನ್ನು ವನ್ಯಜೀವಿಗಳ ವಿಷಯ. ಹಿಮಚಿರತೆ, ಕಸ್ತೂರಿಮೃಗ, ಭರಲ್ ಎಂದು ಕರೆಯುವ ನೀಲಿ ಕುರಿ, ಹಿಮಾಲಯದ ಥಾರ್, ಕಪ್ಪು ಕರಡಿ, ನವಿಲಿನ ಕತ್ತಿಗೂ ಸಾಟಿಯಾಗುವ ಬಣ್ಣದ ಮೋನಾಲ್ ಹಕ್ಕಿ, ಇವೆಲ್ಲವುಗಳ ನೆಲೆಬೀಡು ಈ ಪ್ರದೇಶ. 1939ರಲ್ಲಿಯೇ ಇದನ್ನು ಅಭಯಾರಣ್ಯವೆಂದು ಸಾರಲಾಗಿತ್ತು. ಕಾಗದದ ಮೇಲಿನ ಆ ಅಭಯಕ್ಕಿಂತ ಋಷಿಗಂಗೆಯ ಕಮರಿಯೇ ಪ್ರಾಣಿಗಳನ್ನು ಹೆಚ್ಚು ಕಾಲ ಕಾಪಾಡಿತೆನ್ನಬೇಕು.

ಇಲ್ಲಿಂದ ಮುಂದಿನ ಕಥೆಯನ್ನು ತಾವು ಸ್ವಲ್ಪ ಗಮನವಿಟ್ಟು ಕೇಳಬೇಕು. ನೀತಿ ಕಣಿವೆಯ ಭೋಟಿಯಾ ಜನರು ತಲೆತಲಾಂತರದಿಂದ ಟಿಬೆಟ್ಟಿನೊಡನೆ ಉಪ್ಪು, ಉಣ್ಣೆ, ಧಾನ್ಯಗಳ ವ್ಯಾಪಾರ ಮಾಡಿಕೊಂಡಿದ್ದವರು. 1962ರ ಯುದ್ಧದೊಂದಿಗೆ ಆ ಬಾಗಿಲು ಮುಚ್ಚಿತು. ಕುರಿ ಸಾಕಣೆ, ಅಲ್ಪಸ್ವಲ್ಪ ಬೇಸಾಯ ಉಳಿದವು. 1965ರಲ್ಲಿ ಚೀನಾದ ಅಣು ಪರೀಕ್ಷೆಗಳ ಮೇಲೆ ಕಣ್ಣಿಡಲೆಂದು ಭಾರತ ಮತ್ತು ಅಮೆರಿಕದ ಗುಪ್ತಚರ ಸಂಸ್ಥೆಗಳು ಪರ್ವತಾರೋಹಣದ ಮರೆಯಲ್ಲಿ ಪ್ಲುಟೋನಿಯಂ ಇಂಧನದ ಉಪಕರಣವೊಂದನ್ನು ಇದೇ ಬೆಟ್ಟಕ್ಕೆ ಹೊರಿಸಿದವು. ಹವಾಮಾನ ಕೆಟ್ಟು ಅದನ್ನು ಮೇಲೆಯೇ ಬಿಟ್ಟುಬಂದರು. ಮರುವರ್ಷ ಹುಡುಕಿದರೆ ಅದು ಸಿಗಲಿಲ್ಲ. 1978ರಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿಯವರು ಸಂಸತ್ತಿನಲ್ಲಿ ಇದನ್ನು ಒಪ್ಪಿಕೊಂಡರು. ಅದುವರೆಗೆ ಆ ನದಿಯ ನೀರು ಕುಡಿಯುವವರಿಗೆ ಯಾರೂ ಏನನ್ನೂ ತಿಳಿಸಿರಲಿಲ್ಲ.

1974ರ ಮಾರ್ಚ್ 26ರಂದು ಇದೇ ಋಷಿಗಂಗೆಯ ದಡದ ರೇಣಿ ಗ್ರಾಮದಲ್ಲಿ ಗೌರಾದೇವಿಯವರ ನೇತೃತ್ವದಲ್ಲಿ ಇಪ್ಪತ್ತೇಳು ಹೆಂಗಸರು ಮತ್ತು ಹುಡುಗಿಯರು ಮರ ಕಡಿಯಲು ಬಂದವರನ್ನು ತಡೆದು ನಿಲ್ಲಿಸಿದರು. ಊರಿನ ಗಂಡಸರು ಆ ದಿನ, ಯುದ್ಧಾನಂತರ ಸೇನೆಗೆ ಹೋದ ಜಮೀನುಗಳ ಪರಿಹಾರಕ್ಕಾಗಿ ಚಮೋಲಿಗೆ ಹೋಗಿದ್ದರು. ಚಿಪ್ಕೋ ಚಳವಳಿ ದೇಶದ ಗಮನ ಸೆಳೆದದ್ದು ಈ ಘಟನೆಯಿಂದ. ಇದರ ಕಿಡಿ ನಮ್ಮ ನಾಡಿಗೂ ಹಾರಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು 'ಅಪ್ಪಿಕೋ' ಆರಂಭಿಸಿದ್ದನ್ನು ನಾನು ಪ್ರೌಢಶಾಲಾ ವಿದ್ಯಾರ್ಥಿಯಾಗಿ ಪತ್ರಿಕೆಯಲ್ಲಿ ಓದಿದ್ದೇನೆ. ರೇಣಿಗೂ ಶಿರಸಿಗೂ ಇರುವ ಈ ನಂಟನ್ನು ಹೊರನಾಡ ಕನ್ನಡಿಗರು ಮರೆಯಬಾರದು.

ಅದೇ 1974ರಲ್ಲಿ ಸರ್ಕಾರ ವಿದೇಶಿ ಪರ್ವತಾರೋಹಿಗಳಿಗೆ ಈ ಪ್ರದೇಶವನ್ನು ತೆರೆಯಿತು. ತಂಡದ ಮೇಲೆ ತಂಡ ಬಂದವು. ಹೊರೆ ಹೊರಲು, ದಾರಿ ತೋರಿಸಲು ಲಾತಾ, ರೇಣಿ ಮುಂತಾದ ಊರುಗಳ ಯುವಕರು ಮುಂದಾದರು. ವ್ಯಾಪಾರ ಕಳೆದುಕೊಂಡಿದ್ದ ಕಣಿವೆಗೆ ಮತ್ತೆ ಕಾಸು ಬಂತು. ಆದರೆ ಒಂದೊಂದು ತಂಡದ ಹಿಂದೆಯೂ ನೂರಾರು ಹೊರೆಯಾಳುಗಳು, ಅವರ ಒಲೆಗಳಿಗೆ ಭೂರ್ಜ ಮರದ ಸೌದೆ, ಬಿಟ್ಟುಹೋದ ಡಬ್ಬಿಗಳ ರಾಶಿ. ಜೊತೆಗೆ ಕಸ್ತೂರಿಮೃಗದ ಕಳ್ಳಬೇಟೆ. ಎಂಟು ವರ್ಷಗಳಲ್ಲಿ ಒಳಗಿನ ಹುಲ್ಲುಗಾವಲು ಸೊರಗಿತು. 1982ರಲ್ಲಿ ಸರ್ಕಾರ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ಮರುವರ್ಷದಿಂದ ಎಲ್ಲರಿಗೂ ಪ್ರವೇಶ ನಿಷೇಧವಾಯಿತು. 1988ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

'ಎಲ್ಲರಿಗೂ' ಎಂಬ ಪದವನ್ನು ನಾನು ಬೇಕೆಂದೇ ಬಳಸಿದ್ದೇನೆ. ಕೆಡಿಸಿದ ವಿಹಾರಿಗೂ ನಿಷೇಧ, ಕುರಿ ಮೇಯಿಸುತ್ತಿದ್ದ, ಔಷಧದ ಬೇರು ಆರಿಸುತ್ತಿದ್ದ ಊರವನಿಗೂ ನಿಷೇಧ. ವಿಹಾರಿ ಮುಂದಿನ ವರ್ಷ ಬೇರೊಂದು ಬೆಟ್ಟಕ್ಕೆ ಹೋದ. ಊರವನು ಎಲ್ಲಿಗೆ ಹೋಗಬೇಕು? 1962ರಲ್ಲಿ ಒಂದು ಬಾಗಿಲು, 1983ರಲ್ಲಿ ಮತ್ತೊಂದು. ರಕ್ಷಣೆಯಿಂದ ಪ್ರಾಣಿಗಳಿಗೆ ಒಳಿತಾಯಿತೆಂಬುದರಲ್ಲಿ ಸಂಶಯವಿಲ್ಲ. 1993ರಲ್ಲಿ ವಿಜ್ಞಾನಿಗಳೂ ಸೇನೆಯ ಇಂಜಿನಿಯರ್ ದಳದವರೂ ಕೂಡಿ ಒಳಹೋದಾಗ ಸಸ್ಯವರ್ಗ ಚೇತರಿಸಿಕೊಂಡಿದ್ದನ್ನು ಕಂಡರು. ಹಳೆಯ ತಂಡಗಳು ಬಿಟ್ಟಿದ್ದ ಕಸವನ್ನೂ ಹೊತ್ತು ತಂದರು. ಆದರೆ ರಕ್ಷಣೆಯ ವೆಚ್ಚವನ್ನು ಯಾರು ಭರಿಸಿದರೆಂದು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಕೇಳಲೇಬೇಕು.

ಈಗ ನನ್ನ ಸ್ವಂತ ಸಂಗತಿ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಇದೇ ದೆಹಲಿಯ ಒಂದು ಕಚೇರಿಯಲ್ಲಿ ಕಿರಿಯ ಅಧಿಕಾರಿಯಾಗಿದ್ದೆ. ಬೆಟ್ಟದ ಊರುಗಳಿಂದ ಬರುತ್ತಿದ್ದ ಅರ್ಜಿಗಳು ನನ್ನ ಮೇಜಿಗೂ ಬರುತ್ತಿದ್ದವು. ಕರಡಿ ಬೆಳೆ ತಿಂದಿದೆ, ಚಿರತೆ ಕುರಿಗಳನ್ನು ಕೊಂದಿದೆ, ಮೇವಿಗೆ ದಾರಿಯಿಲ್ಲ ಎಂಬ ಅಹವಾಲುಗಳು. ಕೆಲವಕ್ಕೆ ಊರಿನವರೆಲ್ಲರ ಹೆಬ್ಬೆಟ್ಟಿನ ಗುರುತುಗಳಿರುತ್ತಿದ್ದವು. ಪರಿಹಾರ ಕೊಡುವುದು ರಾಜ್ಯ ಸರ್ಕಾರದ ಕೆಲಸ. ಆದುದರಿಂದ ನಾನು ಪ್ರತಿಯೊಂದರ ಮೇಲೂ 'ವಿಷಯವು ರಾಜ್ಯ ಸರ್ಕಾರಕ್ಕೆ ಸಂಬಂಧಿಸಿದ್ದು, ರವಾನಿಸಲಾಗಿದೆ' ಎಂದು ಬರೆದು ಸಹಿ ಮಾಡುತ್ತಿದ್ದೆ. ನಿಯಮದ ಪ್ರಕಾರ ಅದರಲ್ಲಿ ಒಂದಕ್ಷರದ ತಪ್ಪೂ ಇರಲಿಲ್ಲ. ರವಾನಿಸಿದ ಮೇಲೆ ಏನಾಯಿತೆಂದು ನಾನು ಒಮ್ಮೆಯೂ ಕೇಳಲಿಲ್ಲ. ವರ್ಷಕ್ಕೆರಡು ಬಾರಿ ಅದೇ ಬೆಟ್ಟಗಳಿಗೆ ವಿಹಾರಕ್ಕೆ ಮಾತ್ರ ತಪ್ಪದೆ ಹೋಗುತ್ತಿದ್ದೆ.

2022ರ ಅಕ್ಟೋಬರಿನಲ್ಲಿ ಇಬ್ಬರು ಕನ್ನಡ ಮಿತ್ರರೊಂದಿಗೆ ನೀತಿ ಕಣಿವೆಗೆ ಹೋದೆ. ಒಂದು ಊರಿನ ಮನೆಯಲ್ಲಿ ತಂಗಿದೆವು. ಮನೆಯ ಹಿರಿಯರಿಗೆ ಎಪ್ಪತ್ತು ದಾಟಿತ್ತು. ಯೌವನದಲ್ಲಿ ಋಷಿಗಂಗೆಯ ಕಮರಿಯಲ್ಲಿ ಹೊರೆ ಹೊತ್ತವರು. ಎಲ್ಲರಂತೆ ನಾವೂ ಅವರನ್ನು 'ತಾವೂಜಿ' ಎಂದೇ ಕರೆದೆವು. ಒಲೆಯ ಮುಂದೆ ಕುಳಿತು ಅವರು ಕಥೆ ಹೇಳಿದರು. ಆ ರಾತ್ರಿ ಹೊಲದ ಕಡೆಯಿಂದ ಡಬ್ಬಿ ಬಡಿಯುವ ಸದ್ದು ಕೇಳುತ್ತಿತ್ತು. ರಾಜ್ಮಾ ಹೊಲಕ್ಕೆ ಕರಡಿ ಬಾರದಿರಲೆಂದು ಸೊಸೆ ಕಾವಲು ಕುಳಿತಿದ್ದಳು.

"ಬೆಟ್ಟಕ್ಕೆ ಬೀಗ ಹಾಕಿದರು ಸಾಹೇಬ್. ಒಳ್ಳೆಯದಕ್ಕೇ ಹಾಕಿದರು ಅನ್ನೋಣ. ಬೀಗದ ಕೈಯನ್ನು ಮಾತ್ರ ದೆಹಲಿಗೆ ಒಯ್ದರು" ಎಂದರು ತಾವೂಜಿ. "ನಾವು ದೆಹಲಿಗೆ ಬರೆದೆವು. ನಿಮ್ಮ ಕಾಗದವನ್ನು ಲಖನೌಗೆ ಕಳುಹಿಸಿದ್ದೇವೆ ಎಂದು ಉತ್ತರ ಬಂತು. ಅಷ್ಟರಲ್ಲಿ ರಾಜ್ಯವೇ ಬೇರೆಯಾಯಿತು. ಕಾಗದ ಎಲ್ಲಿ ಹೋಯಿತೋ."

ಅವರಿಗೆ ಬಂದ ಉತ್ತರಕ್ಕೆ ನಾನೇ ಸಹಿ ಮಾಡಿದ್ದೆನೋ ಇಲ್ಲವೋ ಹೇಳಲಾರೆ. ಮಾಡಿರದಿದ್ದರೆ ಅದು ಬರೀ ಆಕಸ್ಮಿಕ. ಆ ರಾತ್ರಿ ಬಾಯಿ ಬರಲಿಲ್ಲ. ಬೆಳಿಗ್ಗೆ ಚಹಾದ ಹೊತ್ತಿಗೆ, ಅಂಥ ಉತ್ತರಗಳನ್ನು ಬರೆಯುತ್ತಿದ್ದವರಲ್ಲಿ ನಾನೂ ಒಬ್ಬನೆಂದು ಹೇಳಿದೆ. ಅವರು ಸಿಟ್ಟಾಗಲಿಲ್ಲ, ನಗಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈಗ ಬರೆಯುವುದಾದರೆ ಯಾರಿಗೆ ಬರೆಯಬೇಕು, ಹೇಗೆ ಬರೆಯಬೇಕು? ನಿಮಗೆ ಗೊತ್ತಿರಬೇಕಲ್ಲ" ಎಂದರು.

ನಾವು ಆ ದಿನ ಬೆಟ್ಟ ಹತ್ತಲಿಲ್ಲ. ಹೊಲ ಹೊಲ ತಿರುಗಿ ಹಾನಿಯನ್ನು ಗುರುತು ಹಾಕಿಕೊಂಡೆವು. ಮಿತ್ರರೊಬ್ಬರು ಛಾಯಾಚಿತ್ರ ತೆಗೆದರು. ನಾನು ಹಿಂದಿಯಲ್ಲಿ ಹನ್ನೊಂದು ಕುಟುಂಬಗಳ ಅರ್ಜಿಗಳನ್ನು ಪ್ರತ್ಯೇಕವಾಗಿ ಬರೆದೆ. ಒಂದೇ ಸಾಮೂಹಿಕ ಅರ್ಜಿಯಾದರೆ ಅದನ್ನು ರವಾನಿಸುವುದು ಎಷ್ಟು ಸುಲಭವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಏಳೆಂಟು ತಿಂಗಳ ನಂತರ ಕೆಲವರಿಗೆ ಹಣ ಬಂತೆಂದು ತಾವೂಜಿಯ ಮಗ ತಿಳಿಸಿದ. ಹಾನಿಯ ಕಾಲು ಭಾಗವೂ ಇರಲಿಲ್ಲ. ಆದರೆ ಬಂತು. ಮೂವತ್ತು ವರ್ಷಗಳ ಸೇವೆಯಲ್ಲಿ ನಾನು ಮಾಡಿದ ಅತ್ಯುಪಯುಕ್ತ ಟಿಪ್ಪಣಿ ಕೆಲಸ ಅದು, ರಜೆಯಲ್ಲಿ ಮಾಡಿದ್ದು.

ಬಂಧುಗಳೇ, ಬೆಟ್ಟವನ್ನು ಮುಚ್ಚಬೇಕೋ ತೆರೆಯಬೇಕೋ ಎಂಬ ವಾದ ಇಂದಿಗೂ ನಡೆಯುತ್ತಲೇ ಇದೆ. ನಂದಾದೇವಿ ಶಿಖರವನ್ನು ಆರೋಹಣಕ್ಕೆ ಮತ್ತೆ ತೆರೆಯಬೇಕೆಂಬ ಮಾತು 2025ರಲ್ಲಿ ಪುನಃ ಕೇಳಿಬಂದಿತು. ಪ್ರಶ್ನೆಯನ್ನು ಹೀಗಿಡುವುದೇ ಸರಿಯಲ್ಲವೆಂದು ನನ್ನ ನಮ್ರ ಅಭಿಪ್ರಾಯ. ಬಾಗಿಲನ್ನು ಕಾಯುವವರು ಯಾರು, ಅದರಿಂದ ಬದುಕುವವರು ಯಾರು ಎಂಬುದು ಮೊದಲು ತೀರ್ಮಾನವಾಗಬೇಕು. ಈ ಮಾತನ್ನು ಆ ಕಣಿವೆಯ ಜನರೇ ಸ್ಪಷ್ಟವಾಗಿ ಆಡಿದ್ದಾರೆ. 1998ರಲ್ಲಿ ಅವರು 'ಝಪಟೋ ಛೀನೋ', ಅಂದರೆ ಮುನ್ನುಗ್ಗಿ ಕಸಿದುಕೊಳ್ಳಿ, ಎಂಬ ಹೆಸರಿನಲ್ಲಿ ತಮ್ಮ ಹಕ್ಕುಗಳಿಗಾಗಿ ಚಳವಳಿ ಹೂಡಿದರು. 2001ರಲ್ಲಿ ಲಾತಾ ಗ್ರಾಮದಲ್ಲಿ ಸಭೆ ಸೇರಿ, ಪ್ರವಾಸೋದ್ಯಮ ಬರುವುದಾದರೆ ಅದು ಊರಿನ ಸಮುದಾಯದ ಹಿಡಿತದಲ್ಲಿರಬೇಕು, ಪ್ರಕೃತಿಗೆ ಹಾನಿಯಾಗಬಾರದು ಎಂಬ ಘೋಷಣೆಯನ್ನು ಅಂಗೀಕರಿಸಿದರು. ಅದಾದ ಮೇಲೆ 2003ರಲ್ಲಿ ಉದ್ಯಾನದ ಹೊರ ಅಂಚಿನ ಒಂದು ಹಾದಿಯನ್ನು ಮಿತ ಸಂಖ್ಯೆಯ ಚಾರಣಿಗರಿಗೆ ತೆರೆಯಲಾಯಿತು. ಒಳಗಿನ ನೆಲೆ ಮುಚ್ಚಿಯೇ ಉಳಿಯಿತು. ಮರ ಉಳಿಸಿದ ಜನ ಕಾಡಿನ ಶತ್ರುಗಳಾಗಲಾರರೆಂಬುದನ್ನು ಆಡಳಿತ ಇಷ್ಟು ತಡವಾಗಿ, ಇಷ್ಟೇ ಅಲ್ಪವಾಗಿ ಒಪ್ಪಿಕೊಂಡಿತು.

ಹಾಗೆಂದು ಊರಿನವರು ಮಾಡುವುದೆಲ್ಲ ಸರಿಯೆಂದು ನಾನು ವಾದಿಸುತ್ತಿಲ್ಲ. ಮೇಯಿಸುವಿಕೆಯ ವಿಷಯದಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಪಕ್ಕದ ಹೂಗಳ ಕಣಿವೆಯಲ್ಲಿ ಕುರಿ ಮೇಯಿಸುವುದನ್ನು ನಿಲ್ಲಿಸಿದ ಮೇಲೆ ಪಾಲಿಗೋನಮ್ ಎಂಬ ಎತ್ತರದ ಗಿಡ ಹಬ್ಬಿ ಹೂವಿನ ಸಸಿಗಳನ್ನು ಮರೆಮಾಡತೊಡಗಿತು. ಕುರಿಗಳೇ ಅದನ್ನು ಹದ್ದಿನಲ್ಲಿಟ್ಟಿದ್ದವೆಂದು ಕೆಲವರು, ಅಲ್ಲವೆಂದು ಕೆಲವರು. ಅರಣ್ಯ ಇಲಾಖೆ ಆಳುಗಳನ್ನಿಟ್ಟು ಅದನ್ನು ಕೀಳಿಸಬೇಕಾಯಿತು. ಅತ್ತ ವಿಹಾರಿಗಳ ದಾಳಿಯೂ ಕಡಿಮೆಯದಲ್ಲ. ಬುಗ್ಯಾಲ್ ಎಂದು ಕರೆಯುವ ಎತ್ತರದ ಹುಲ್ಲುಗಾವಲುಗಳಲ್ಲಿ ಡೇರೆಗಳ ಊರುಗಳೇ ಎದ್ದಾಗ, 2018ರ ಆಗಸ್ಟಿನಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯ ಅಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿ, ಪ್ರವಾಸಿಗರ ಸಂಖ್ಯೆಗೆ 200ರ ಮಿತಿ ಹಾಕಿತು. ತೀರ್ಪು ಅಗತ್ಯವಾಗಿತ್ತು. ಆದರೆ ಡೇರೆ ಹಾಕಿಸಿದ ನಗರದ ಸಂಸ್ಥೆಯೊಂದಿಗೆ, ಹೇಸರಗತ್ತೆ ಹೊಡೆದು ಬದುಕುವವನೂ ಒಂದೇ ಏಟಿಗೆ ಸಿಕ್ಕ. ಮತ್ತದೇ ಕಥೆ.

2021ರ ಫೆಬ್ರವರಿ 7ರಂದು ರೋಂಟಿ ಶಿಖರದ ಪಾರ್ಶ್ವದಿಂದ ಬಂಡೆಯೂ ಹಿಮವೂ ಕುಸಿದು ಋಷಿಗಂಗೆ ಉಕ್ಕಿತು. ಎರಡು ಜಲವಿದ್ಯುತ್ ಯೋಜನೆಗಳ ಸ್ಥಳಗಳನ್ನು ಕೊಚ್ಚಿಕೊಂಡು ಹೋಯಿತು. ಸತ್ತವರು ಮತ್ತು ಕಾಣೆಯಾದವರು ಇನ್ನೂರಕ್ಕೂ ಹೆಚ್ಚು. ಒಂದು ಯೋಜನೆ ಇದ್ದದ್ದು ರೇಣಿಯ ಬಳಿಯಲ್ಲೇ. ಕುರಿಗಳಿಗೆ ಒಳಗೆ ಹೋಗಲು ಅನುಮತಿಯಿಲ್ಲದ ಉದ್ಯಾನದ ಹೊಸ್ತಿಲಲ್ಲಿ ಅಣೆಕಟ್ಟಿಗೆ ಅನುಮತಿಯಿತ್ತು. ಇದನ್ನು ಕಂಡ ಊರವನಿಗೆ ಸಂರಕ್ಷಣೆಯ ಪಾಠ ಹೇಳಲು ನಮಗೆ ಯಾವ ಮುಖವಿದೆ?

ಇದು ಹಿಮಾಲಯದ ಮಾತು ಮಾತ್ರವಲ್ಲ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ನಮ್ಮ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸಾಲುಗಟ್ಟಿದ ಚಿತ್ರವನ್ನು ತಾವು ನೋಡಿರಬಹುದು. ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣ ಪಥಗಳನ್ನು ಕರ್ನಾಟಕ ಸರ್ಕಾರ ಆಗ ತಾತ್ಕಾಲಿಕವಾಗಿ ಮುಚ್ಚಬೇಕಾಯಿತು. ಕುದುರೆಮುಖವನ್ನು ನೋಡಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಗಣಿಗಾರಿಕೆ ನಿಂತದ್ದು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಡಿಸೆಂಬರ್ ಕೊನೆಗೆ. ಅಷ್ಟು ವರ್ಷ ಗಣಿಗೆ ಜಾಗವಿದ್ದ ಆ ಕಾಡಿನಲ್ಲಿ ಮಲೆಕುಡಿಯರ ಮನೆಗಳಿಗೆ ಜಾಗವಿದೆಯೇ ಎಂಬುದೇ ದೊಡ್ಡ ಚರ್ಚೆಯಾಯಿತು. ರೇಣಿಯವರ ಪ್ರಶ್ನೆ ಅಲ್ಲಿಯೂ ಕನ್ನಡದಲ್ಲಿ, ತುಳುವಿನಲ್ಲಿ ಕೇಳಿಬಂದಿದೆ.

ಕೊನೆಯದಾಗಿ, ಬೆಟ್ಟಕ್ಕೆ ಹೋಗುವ ನಮ್ಮ ಯುವಕ ಯುವತಿಯರಲ್ಲಿ ಕೆಲವು ವಿನಂತಿಗಳು. ಖಂಡಿತ ಹೋಗಿ. ಕಾಡನ್ನು ಕಾಣದವರು ಕಾಡಿನ ಪರವಾಗಿ ನಿಲ್ಲಲಾರರು. ಆದರೆ ಚಿಕ್ಕ ತಂಡವಾಗಿ ಹೋಗಿ. ಆ ಊರಿನವರನ್ನೇ ಮಾರ್ಗದರ್ಶಿಯಾಗಿ ಕರೆದುಕೊಳ್ಳಿ, ಅವರ ಮನೆಯಲ್ಲೇ ಉಣ್ಣಿರಿ. ಮೋಡ ನೋಡಿ ಅವರು ಇಂದು ಬೇಡವೆಂದರೆ, ಕಟ್ಟಿದ ಹಣದ ಲೆಕ್ಕ ಹಾಕದೆ ಹಿಂತಿರುಗಿ. ರಜೆ ಮುಗಿಯುತ್ತದೆಂದು ಬೆಟ್ಟ ಕಾಯುವುದಿಲ್ಲ. ಹೊತ್ತು ಹೋದದ್ದನ್ನೆಲ್ಲ ಹೊತ್ತು ತನ್ನಿ. ಹಿಮಚಿರತೆ ಕಾಣಲಿಲ್ಲವೆಂದು ಬೇಸರಪಡಬೇಡಿ, ಇಷ್ಟು ವರ್ಷಗಳಲ್ಲಿ ನನಗೂ ಅದರ ಹೆಜ್ಜೆಗುರುತಷ್ಟೇ ಕಂಡದ್ದು. ಇಲ್ಲಿ ಕುಳಿತಿರುವ ನನ್ನಂಥ ಅಧಿಕಾರಿ ಮಿತ್ರರಲ್ಲಿಯೂ ಒಂದು ಮಾತು. ಬೆಟ್ಟದ ಊರಿನ ಕಾಗದವೊಂದು ನಿಮ್ಮ ಮೇಜಿಗೆ ಬಂದರೆ, ರವಾನಿಸುವ ಮುನ್ನ ಒಮ್ಮೆ ಓದಿ. ರವಾನಿಸಿದ ತಿಂಗಳ ನಂತರ ಒಮ್ಮೆ ಕೇಳಿ. ಅದಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ.

ಹುಟ್ಟಿದ ನಾಡನ್ನು ಬಿಟ್ಟು ಬೇರೆಯವರ ಊರಿನಲ್ಲಿ ನೆಲೆ ಕಂಡುಕೊಂಡವರು ನಾವು. ಬಂದವರು ಹೇಗೆ ನಡೆದುಕೊಳ್ಳಬೇಕು, ಇದ್ದವರನ್ನು ಹೇಗೆ ಗೌರವಿಸಬೇಕು ಎಂಬುದು ನಮಗೆ ಅನುಭವದಿಂದ ಬಂದ ವಿದ್ಯೆ. ಅದೇ ವಿದ್ಯೆಯನ್ನು ಬೆಟ್ಟಕ್ಕೂ ಕೊಂಡೊಯ್ಯೋಣ. ತಾವೂಜಿ ಈ ಬೇಸಿಗೆಯಲ್ಲಿ ಮತ್ತೆ ಬರಹೇಳಿದ್ದಾರೆ. ಹೋಗುತ್ತೇನೆ. ಈ ಬಾರಿ ಬಿಳಿ ಹಾಳೆಗಳನ್ನು ಸ್ವಲ್ಪ ಹೆಚ್ಚಾಗಿ ತರಬೇಕಂತೆ. ಪಕ್ಕದ ಊರಿನವರೂ ಕಾಯುತ್ತಿದ್ದಾರಂತೆ.